ಮಗುವಿಗೆ ‘ಬ್ರೀಜ್’ ಎಂದು ಹೆಸರಿಡುವ ಮಾತೆತ್ತಿದರೆ ಅತ್ತೆ ಎದ್ದು ಹೋಗುತ್ತಾರೆ

ಪ್ರಶ್ನೆ: ಮೇಡಂ, ನಾನು ಹಾಸನದ ಕಡೆಯವಳು. ನರ್ಸಿಂಗ್ ಮುಗಿಸಿ ಐರ್ಲೆಂಡಿಗೆ ಬಂದು, ಇಲ್ಲಿನ ಪಶ್ಚಿಮ ಭಾಗದ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ನನ್ನ ಗಂಡ ಮೇಯೋ ಕೌಂಟಿಯ ಹಳ್ಳಿಯೊಂದರವರು. ನಮಗೆ ಮಗಳು ಹುಟ್ಟಿ ಐದು ವಾರವಾಯಿತು, ಇನ್ನೂ ಹೆಸರು ನಿಶ್ಚಯವಾಗಿಲ್ಲ. ಮಾವನವರಿಗೆ ತಮ್ಮ ತಾಯಿಯ ಹೆಸರು ಇಡಬೇಕೆಂಬ ಆಸೆ. ಆಕೆ ಕಾಗದಪತ್ರಗಳಲ್ಲಿ ಬ್ರಿಜೆಟ್, ಐರಿಷ್ ಭಾಷೆಯಲ್ಲಿ ಬ್ರೀದ್, ಊರವರ ಬಾಯಲ್ಲಿ ಬ್ರೀಜ್. ನನ್ನ ಗಂಡನನ್ನು ಎತ್ತಿ ಆಡಿಸಿದ ಅಜ್ಜಿ. ನನಗೂ ಆ ಹೆಸರು ಇಷ್ಟವೇ. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ನಮ್ಮ ವಾರ್ಡಿನಲ್ಲಿ ಬ್ರೈಡಿ (ಅದೂ ಬ್ರಿಜೆಟ್‌ನ ಮುದ್ದಿನ ರೂಪವೇ) ಎಂಬ ವೃದ್ಧೆಯೊಬ್ಬರಿದ್ದರು. ರಾತ್ರಿ ಪಾಳಿಯಲ್ಲಿ ಮಾತ್ರೆ ಕೊಡಲು ಹೋದಾಗ, ನನ್ನ ಕೈ ತಣ್ಣಗಿದೆಯೆಂದು ತಮ್ಮ ಎರಡೂ ಅಂಗೈಗಳ ನಡುವೆ ಹಿಡಿದುಕೊಂಡು ಬೆಚ್ಚಗಾಗುವವರೆಗೆ ಬಿಡುತ್ತಿರಲಿಲ್ಲ.

ಆದರೆ ಹೆಸರಿನ ಮಾತು ಬಂದೊಡನೆ ಅತ್ತೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಾರೆ. ಒಮ್ಮೆ ಮಾತ್ರ, ‘ಅದೊಂದು ಬಿಟ್ಟು ಬೇರೆ ಏನಾದರೂ ಇಡಿ’ ಎಂದರು. ಕಾರಣ ಕೇಳಿದ್ದಕ್ಕೆ ಉತ್ತರವಿಲ್ಲ. ಆಮೇಲೆ ಅತ್ತೆಯ ತಂಗಿ ನನಗೊಬ್ಬಳಿಗೇ ಗುಟ್ಟಾಗಿ ಹೇಳಿದರು: ಅವರಿಗೆ ಬ್ರಿಜೆಟ್ ಎಂಬ ಹೆಸರಿನ ಅಕ್ಕ ಇದ್ದರಂತೆ. ಮದುವೆಯಾಗದೆ ಬಸಿರಾದರೆಂದು 1960ರ ದಶಕದ ಆರಂಭದಲ್ಲಿ ಅವರನ್ನು ಸನ್ಯಾಸಿನಿಯರು ನಡೆಸುತ್ತಿದ್ದ ಆಶ್ರಮವೊಂದಕ್ಕೆ ಕಳುಹಿಸಿದರಂತೆ. ಆಗ ಅತ್ತೆಗೆ ಎಂಟೋ ಒಂಬತ್ತೋ ವರ್ಷ. ಆ ಮಗು ಏನಾಯಿತೆಂದು ಯಾರಿಗೂ ತಿಳಿಯದು. ಅಕ್ಕ ಅಲ್ಲಿಂದ ಇಂಗ್ಲೆಂಡಿಗೆ ಹೋದವರು ಮತ್ತೆ ಊರಿಗೆ ಬರಲಿಲ್ಲ, ಅಲ್ಲೇ ತೀರಿಕೊಂಡರಂತೆ. ನನ್ನ ಗಂಡನಿಗಾಗಲಿ ಮಾವನಿಗಾಗಲಿ ಇದು ಗೊತ್ತಿರುವಂತೆ ಕಾಣುವುದಿಲ್ಲ. ನಾನು ತಡೆಯಲಾರದೆ ಊರಿನಲ್ಲಿರುವ ಅಮ್ಮನಿಗೆ ಹೇಳಿಬಿಟ್ಟೆ. ಮೊದಲೇ ‘ಇದೇನೇ, ಫ್ರಿಜ್ ಅಂದ ಹಾಗಿದೆ’ ಎನ್ನುತ್ತಿದ್ದ ಅಮ್ಮ ಈಗ, ನೊಂದು ಸತ್ತವಳ ಹೆಸರು ಮಗುವಿಗೆ ಬೇಡವೇ ಬೇಡ ಎನ್ನುತ್ತಿದ್ದಾರೆ. ಕೆಲಸದ ಕಡೆ ಕೆಲವರು ಅದು ಅಜ್ಜಿಯರ ಹೆಸರು, ಮನೆಗೆಲಸದವಳ ಹೆಸರು ಎಂದು ನಗುತ್ತಾರೆ. ಮಾವ ಕಾಯುತ್ತಿದ್ದಾರೆ, ಗಂಡ ಬೇಗ ನಿರ್ಧರಿಸೋಣ ಎನ್ನುತ್ತಿದ್ದಾರೆ. ನಾನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಈ ಹೆಸರು ಮಗುವಿಗೆ ಒಳ್ಳೆಯದೇ ಎಂಬುದು ಮೊದಲನೆಯದು. ಅತ್ತೆ ಅರವತ್ತು ವರ್ಷ ಬಾಯಿಬಿಡದೆ ಇಟ್ಟುಕೊಂಡದ್ದು ನಿಮ್ಮ ಕೈಗೆ ಬಂದು ಬಿದ್ದಿರುವಾಗ ಅದನ್ನು ಏನು ಮಾಡಬೇಕು ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಕೊಡುವುದು ಕಷ್ಟವಲ್ಲ. ನಿಮ್ಮ ನಿದ್ದೆ ಕೆಡಿಸಿರುವುದು ಎರಡನೆಯದು ಎಂದು ನನಗೆ ಅನ್ನಿಸುತ್ತದೆ. ಅದಕ್ಕೂ ಮುಂಚೆ ಒಂದು ಮಾತು: ಐರ್ಲೆಂಡಿನ ಕಾನೂನಿನಂತೆ ಜನನವನ್ನು ಮೂರು ತಿಂಗಳೊಳಗೆ ನೋಂದಾಯಿಸಿದರೆ ಸಾಕು. ನಿಮಗೆ ಇನ್ನೂ ಏಳೆಂಟು ವಾರಗಳ ಕಾಲಾವಕಾಶವಿದೆ. ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ ತೊಟ್ಟಿಲಿಗೆ ಹಾಕಿ ಹೆಸರಿಡುವ ಮನೆತನದಿಂದ ಬಂದ ನಿಮಗೆ ಐದು ವಾರವೆಂದರೆ ಆಗಲೇ ತಡವಾಯಿತು ಎನ್ನಿಸಬಹುದು, ಆದರೆ ಕಚೇರಿಯ ಲೆಕ್ಕದಲ್ಲಿ ತಡವಾಗಿಲ್ಲ. ಅವಸರಪಟ್ಟು ಬರೆಸಿದ ಹೆಸರನ್ನು ಆಮೇಲೆ ಬದಲಿಸಲು ಹೋದರೆ ಅಲೆದಾಟ ತಪ್ಪಿದ್ದಲ್ಲ.

ಹೆಸರಿನ ಬಗ್ಗೆ ನಿಮ್ಮ ಕಿವಿಗೆ ಬಿದ್ದಿರುವ ಮಾತುಗಳಲ್ಲಿ ಯಾವುದು ನಿಜ, ಯಾವುದು ಅಲ್ಲ ಎಂದು ನೋಡೋಣ. ‘ಮನೆಗೆಲಸದವಳ ಹೆಸರು’ ಎಂಬ ನಗೆಗೆ ಒಂದು ಇತಿಹಾಸವಿದೆ, ಅದು ನಗುವಂಥದ್ದಲ್ಲ. 1845ರಿಂದ 1852ರವರೆಗಿನ ಮಹಾಕ್ಷಾಮದ ನಂತರದ ದಶಕಗಳಲ್ಲಿ ಐರ್ಲೆಂಡಿನಿಂದ ಅಮೆರಿಕಕ್ಕೆ ಹೋದವರಲ್ಲಿ ಒಂಟಿ ಯುವತಿಯರ ಸಂಖ್ಯೆ ದೊಡ್ಡದಾಗಿತ್ತು. ಯುರೋಪಿನ ಬೇರೆ ದೇಶಗಳ ವಲಸೆಯಲ್ಲಿ ಹಾಗಿರಲಿಲ್ಲ. ಬಾಸ್ಟನ್, ನ್ಯೂಯಾರ್ಕ್‌ಗಳ ಅನುಕೂಲವಂತರ ಮನೆಗಳಲ್ಲಿ ಅಡುಗೆ, ಕಸಮುಸುರೆ, ಮಕ್ಕಳ ಚಾಕರಿಗೆ ನಿಂತವರು ಇವರೇ. ಅವರಲ್ಲಿ ಬ್ರಿಜೆಟ್‌ಗಳು ಎಷ್ಟು ಜನರಿದ್ದರೆಂದರೆ, ಒಡತಿಯರು ಕೆಲಸದವಳ ನಿಜವಾದ ಹೆಸರು ಕೇಳುವ ಗೋಜಿಗೇ ಹೋಗದೆ ‘ಬ್ರಿಜೆಟ್’ ಅಥವಾ ‘ಬಿಡ್ಡಿ’ ಎಂದು ಕೂಗುತ್ತಿದ್ದರು. ಅಲ್ಲಿನ ವ್ಯಂಗ್ಯಪತ್ರಿಕೆಗಳು ಪಾತ್ರೆ ಒಡೆಯುವ, ಎದುರುತ್ತರ ಕೊಡುವ ದಢೂತಿ ಹೆಂಗಸನ್ನು ಬರೆದು ಅದೇ ಹೆಸರಿನಿಂದ ಕರೆದವು. ಇಂಥ ಹೆಸರು ಹೊತ್ತು ಕೆಲಸ ಸಿಗುವುದು ಕಷ್ಟವೆಂದು ಅನೇಕರು ಡೀಲಿಯಾ, ಬೆಸಿ, ಬರ್ಥಾ ಎಂದು ತಾವೇ ಬದಲಿಸಿಕೊಂಡರು. ಎಲಿಸ್ ದ್ವೀಪದ ವಲಸೆ ಅಧಿಕಾರಿಗಳು ಹೆಸರು ಬದಲಿಸಿ ಕಳುಹಿಸುತ್ತಿದ್ದರೆಂಬ ಕತೆಯನ್ನು ಇಲ್ಲಿನ ಹಿರಿಯರು ಈಗಲೂ ಹೇಳುತ್ತಾರೆ. ಅದು ನಿಜವಲ್ಲ, ಅಧಿಕಾರಿಗಳ ಕೈಯಲ್ಲಿದ್ದದ್ದು ಹಡಗು ಹೊರಟ ಬಂದರಿನಲ್ಲೇ ತಯಾರಾದ ಪಟ್ಟಿ. ಊರಿಗೆ ಹಣ ಕಳುಹಿಸಿ, ಮನೆಯ ಬಾಡಿಗೆ ತೀರಿಸಿ, ತಮ್ಮ ತಂಗಿಯರಿಗೆ ಹಡಗಿನ ಟಿಕೆಟ್ ಕೊಂಡವರು ಇದೇ ಬಿಡ್ಡಿಗಳು. ಹೊರದೇಶಕ್ಕೆ ದುಡಿಯಲು ಬಂದು ತಿಂಗಳು ತಿಂಗಳು ಮನೆಗೆ ಹಣ ಕಳುಹಿಸಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

‘ಅಜ್ಜಿಯರ ಹೆಸರು’ ಎಂಬುದರಲ್ಲಿ ಮಾತ್ರ ಸತ್ಯಾಂಶವಿದೆ. ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರವು ಉಚಿತವಾಗಿ ತೆರೆದಿಟ್ಟಿರುವ 1901 ಮತ್ತು 1911ರ ಜನಗಣತಿಯ ಹಾಳೆಗಳಲ್ಲಿ ಮೇಯೋದ ಯಾವ ಹಳ್ಳಿಯನ್ನು ತೆಗೆದು ನೋಡಿದರೂ ಮೇರಿಯರ ಜೊತೆಗೆ ಬ್ರಿಜೆಟ್‌ಗಳ ಸಾಲೇ ಕಾಣುತ್ತದೆ. 20ನೆಯ ಶತಮಾನದ ಉತ್ತರಾರ್ಧದಲ್ಲಿ ಆ ಹೆಸರು ಹಿಂದೆ ಸರಿಯಿತು. ಈಚೆಗೆ ಜನರ ಭಾವನೆ ಮತ್ತೆ ಬದಲಾಗಿದೆ. ಬ್ರಿಜೆಟ್ ಎಂಬ ಹೆಸರಿನ ಮೂಲವಾದ ಸಂತ ಬ್ರಿಜಿಡ್‌ಳ ದಿನ 2023ರಿಂದ ಸಾರ್ವಜನಿಕ ರಜೆಯಾಗಿದೆ. ಒಬ್ಬ ಹೆಣ್ಣಿನ ಹೆಸರಿನಲ್ಲಿ ಈ ದೇಶ ಘೋಷಿಸಿದ ಮೊದಲ ರಜೆ ಅದು. ನಿಮ್ಮ ಮಗಳ ವಯಸ್ಸಿನ ಮಕ್ಕಳು ಫೆಬ್ರುವರಿ ಬಂತೆಂದರೆ ಶಾಲೆಯಲ್ಲಿ ಜೊಂಡು ಹೆಣೆದು ಬ್ರಿಜಿಡ್‌ಳ ಶಿಲುಬೆ ಮಾಡುತ್ತಾ ಬೆಳೆಯುತ್ತಾರೆ. ಆ ಹೆಸರು ಕೇಳಿ ನಗುವವರು ಬಹುಪಾಲು ನಮ್ಮ ನಿಮ್ಮ ತಲೆಮಾರಿನವರು.

ಇನ್ನು ಸಂಪ್ರದಾಯದ ಮಾತು. ಮಾವನವರು ‘ನಮ್ಮಲ್ಲಿ ಹೀಗೇ’ ಎಂದಿರಬಹುದು. ಐರಿಷ್ ಕುಟುಂಬಗಳಲ್ಲಿ ಹೆಸರಿಡುವ ಹಳೆಯ ಕ್ರಮವೊಂದು ಇದ್ದದ್ದು ನಿಜ. ಅದರಂತೆ ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರು, ಮೊದಲ ಹೆಣ್ಣುಮಗುವಿಗೆ ತಾಯಿಯ ತಾಯಿಯ ಹೆಸರು, ಎರಡನೆಯ ಹೆಣ್ಣುಮಗುವಿಗೆ ತಂದೆಯ ತಾಯಿಯ ಹೆಸರು. ಎಲ್ಲ ಮನೆಗಳೂ ಇದನ್ನು ಕಟ್ಟುನಿಟ್ಟಾಗಿ ಪಾಲಿಸಿದವೆಂದಲ್ಲ. ಪಾಲಿಸುವುದಾದರೆ ನಿಮ್ಮ ಮೊದಲ ಮಗಳಿಗೆ ಬರಬೇಕಾದದ್ದು ಹಾಸನದಲ್ಲಿರುವ ನಿಮ್ಮ ತಾಯಿಯ ಹೆಸರು! ವಾದದಲ್ಲಿ ಗೆಲ್ಲಲು ಇದನ್ನು ಮಾವನವರ ಮುಂದೆ ಎತ್ತಬೇಡಿ. ಅವರು ಕೇಳುತ್ತಿರುವುದು ಸಂಪ್ರದಾಯವನ್ನಲ್ಲ, ತಮ್ಮ ತಾಯಿಯನ್ನು. ಆದರೆ ಒಪ್ಪದಿದ್ದರೆ ಏನೋ ಅಪಚಾರವಾಗುತ್ತದೆಂಬ ಅಳುಕು ನಿಮ್ಮಲ್ಲಿದ್ದರೆ ಅದನ್ನು ಬಿಟ್ಟುಬಿಡಿ. ಅಷ್ಟಕ್ಕೂ ಈ ಹೆಸರು ಅನಾದಿ ಕಾಲದಿಂದ ಮನೆಮನೆಯಲ್ಲಿದ್ದದ್ದೂ ಅಲ್ಲ. ಮಧ್ಯಯುಗದ ಐರ್ಲೆಂಡಿನಲ್ಲಿ ಸಂತಳ ಹೆಸರನ್ನು ನೇರವಾಗಿ ಮಗುವಿಗೆ ಇಡಲು ಭಕ್ತಿಯಿಂದಲೇ ಹಿಂಜರಿಯುತ್ತಿದ್ದರು, ಬ್ರಿಜಿಡ್‌ಳ ಸೇವಕ ಎಂಬರ್ಥದ ಹೆಸರನ್ನು ಗಂಡಸರಿಗೆ ಇಡುತ್ತಿದ್ದರು. ಸಾಮಾನ್ಯ ಹೆಣ್ಣುಮಕ್ಕಳ ಹೆಸರಾಗಿ ಅದು ಹಬ್ಬಿದ್ದು ಬಹಳ ತಡವಾಗಿ.

ನಿಮ್ಮ ಅಮ್ಮನ ಹೆದರಿಕೆಗೂ ಉತ್ತರ ಹೇಳಬೇಕು. ನೊಂದವರ ಹೆಸರಿನಿಂದ ನೋವು ಮಗುವಿಗೆ ಅಂಟುವುದಿಲ್ಲ. ಹೆಸರು ತಾನಾಗಿ ಯಾರ ಬಾಳನ್ನೂ ಕೆಡಿಸಿದ್ದನ್ನು ನನ್ನ ವೃತ್ತಿಯಲ್ಲಿ ನಾನು ಕಂಡಿಲ್ಲ. ಹೆಸರಿನ ಜೊತೆಗೆ ಹಿರಿಯರು ಮಗುವಿನ ತಲೆಯ ಮೇಲೆ ಹೊರಿಸುವ ನಿರೀಕ್ಷೆ ತೊಂದರೆ ಕೊಟ್ಟದ್ದನ್ನು ಕಂಡಿದ್ದೇನೆ. ಸತ್ತ ಮಗುವಿನ ಜಾಗ ತುಂಬಲೆಂದೇ ಹುಟ್ಟಿದಂತೆ ಬೆಳೆಸಿದ ಮಕ್ಕಳ ಬಗ್ಗೆ ಮನೋವೈದ್ಯಕೀಯದಲ್ಲಿ 1964ರಿಂದಲೂ ಚರ್ಚೆಯಿದೆ. ಚಿತ್ರಕಾರ ವ್ಯಾನ್ ಗೋ ಹುಟ್ಟಿದ್ದು 1853ರ ಮಾರ್ಚ್ 30ರಂದು. ಸರಿಯಾಗಿ ಒಂದು ವರ್ಷದ ಹಿಂದೆ ಅದೇ ದಿನ ಅದೇ ವಿನ್ಸೆಂಟ್ ಎಂಬ ಹೆಸರಿನ ಅಣ್ಣ ಜೀವವಿಲ್ಲದೆ ಹುಟ್ಟಿದ್ದ. ಐರ್ಲೆಂಡಿನಲ್ಲೂ ತೀರಿಹೋದ ಕೂಸಿನ ಹೆಸರನ್ನೇ ಮುಂದಿನ ಕೂಸಿಗೆ ಇಡುವುದು ಹಿಂದೆ ಸಾಮಾನ್ಯವಾಗಿತ್ತು, ಅವರಲ್ಲಿ ಹೆಚ್ಚಿನವರು ಎಲ್ಲರಂತೆ ಬೆಳೆದು ಬಾಳಿದರು. ‘ನೀನು ಅವಳ ಹಾಗೆಯೇ’, ‘ಅವಳೇ ಮತ್ತೆ ಬಂದಳು’ ಎಂಬ ಮಾತು ಮನೆಯಲ್ಲಿ ದಿನನಿತ್ಯದ್ದಾದಾಗ ಮಗುವಿಗೆ ತನ್ನದೆಂಬ ಜಾಗ ಸಣ್ಣದಾಗುತ್ತದೆ. ಗಮನಿಸಿ, ಈ ಅಪಾಯ ನೊಂದ ಅಕ್ಕನ ಹೆಸರಿಗಷ್ಟೇ ಅಲ್ಲ, ಎಲ್ಲರೂ ಕೊಂಡಾಡುವ ಅಜ್ಜಿಯ ಹೆಸರಿಗೂ ಅಷ್ಟೇ ಇದೆ.

ಈಗ ಅತ್ತೆಯ ವಿಷಯ. ನೀವು ಆ ಸಂಸ್ಥೆಯ ಹೆಸರು ಬರೆದಿಲ್ಲ, ಅದು ನನಗೆ ಬೇಕಾಗಿಯೂ ಇಲ್ಲ. ಆದರೆ ಆ ಕಾಲ ಎಂಥದ್ದಾಗಿತ್ತು ಎಂಬುದು ನಿಮಗೆ ತಿಳಿದಿರಬೇಕು. ಇಲ್ಲದಿದ್ದರೆ ಅತ್ತೆಯ ಮೌನ ನಿಮಗೆ ಬರಿಯ ಹಟದಂತೆ ಕಾಣುತ್ತದೆ. ಮದುವೆಯಾಗದ ತಾಯಿಗೆ ಈ ದೇಶದಲ್ಲಿ ಸರ್ಕಾರದ ಭತ್ಯೆ ಬಂದದ್ದು 1973ರಲ್ಲಿ. ಅಂಥ ಮಗುವಿಗೆ ಅಂಟಿಸಿದ್ದ ‘ಅಕ್ರಮ’ ಎಂಬ ಕಾನೂನಿನ ಹಣೆಪಟ್ಟಿ ಹೋದದ್ದು 1987ರಲ್ಲಿ. ಅದಕ್ಕೂ ಮುಂಚೆ ಹಳ್ಳಿಯ ಹುಡುಗಿ ಬಸಿರಾದರೆ, ಪಾದ್ರಿಯೋ ವೈದ್ಯರೋ ಸ್ವತಃ ತಂದೆಯೋ ಆಕೆಯನ್ನು ಕಾರಿನಲ್ಲಿ ಕೂರಿಸಿ ಈ ಆಶ್ರಮಗಳಿಗೆ ಬಿಟ್ಟುಬರುತ್ತಿದ್ದರು. ಸರ್ಕಾರ ನೇಮಿಸಿದ ಆಯೋಗ 2021ರ ಜನವರಿಯಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ತನಿಖೆಗೆ ಒಳಪಟ್ಟ 18 ಸಂಸ್ಥೆಗಳ ಮೂಲಕ 1922ರಿಂದ 1998ರವರೆಗೆ ಸುಮಾರು 56,000 ತಾಯಂದಿರು ಹಾದುಹೋದರು, ಸುಮಾರು 9,000 ಮಕ್ಕಳು ಅಲ್ಲಿ ಸತ್ತರು. ವರದಿ ಬಂದ ಮರುದಿನವೇ ಪ್ರಧಾನಿ ಮಿಹಾಲ್ ಮಾರ್ಟಿನ್ ಸಂಸತ್ತಿನಲ್ಲಿ ದೇಶದ ಪರವಾಗಿ ಕ್ಷಮೆ ಕೇಳಿದರು. ಗಾಲ್ವೇ ಕೌಂಟಿಯ ಟೂಮ್ ಪಟ್ಟಣದಲ್ಲಿ 1925ರಿಂದ 1961ರವರೆಗೆ ನಡೆದ ಅಂಥದೊಂದು ಆಶ್ರಮದಲ್ಲಿ ಸತ್ತ 796 ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಹುಡುಕಿ ತೆಗೆದವರು ಕ್ಯಾಥರಿನ್ ಕಾರ್ಲೆಸ್ ಎಂಬ ಸ್ಥಳೀಯ ಇತಿಹಾಸಾಸಕ್ತ ಮಹಿಳೆ. ಅಲ್ಲಿ ಅವಶೇಷಗಳನ್ನು ಹೊರತೆಗೆಯುವ ಪೂರ್ಣಪ್ರಮಾಣದ ಕೆಲಸ ಶುರುವಾದದ್ದು 2025ರ ಜುಲೈಯಲ್ಲಿ. ಅಂದರೆ ನಿಮ್ಮ ಅತ್ತೆ ಪ್ರತಿ ಬಾರಿ ಟಿವಿ ಹಾಕಿದಾಗಲೂ ಈ ಸುದ್ದಿ ಎದುರಾಗಿರಬಹುದು, ಪ್ರತಿ ಬಾರಿಯೂ ಅವರು ಯಾರಿಗೂ ಹೇಳದೆ ನುಂಗಿಕೊಂಡಿರಬಹುದು.

ಇನ್ನೊಂದು ಸಂಗತಿ ಈ ಹೆಸರಿನ ಪ್ರಶ್ನೆಗೆ ನೇರವಾಗಿ ತಗಲುತ್ತದೆ. ಇಂಥ ಅನೇಕ ಸಂಸ್ಥೆಗಳಲ್ಲಿ ಬಾಗಿಲು ದಾಟಿದ ಕೂಡಲೇ ಹುಡುಗಿಯ ಸ್ವಂತ ಹೆಸರನ್ನು ತೆಗೆದು ಬೇರೊಂದು ಹೆಸರು ಕೊಡುತ್ತಿದ್ದರು. ಅಲ್ಲಿರುವಷ್ಟು ಕಾಲ ಆಕೆ ಆ ಹೆಸರಿಗೇ ಓಗೊಡಬೇಕಿತ್ತು, ಊರು ಮನೆತನ ಹೇಳಿಕೊಳ್ಳುವಂತಿರಲಿಲ್ಲ. ಇತ್ತ ಮನೆಯಲ್ಲಿ ಅಕ್ಕನ ಹೆಸರು ಎತ್ತಬಾರದೆಂದು ಚಿಕ್ಕ ಮಕ್ಕಳಿಗೆ ತಾಕೀತಾಗುತ್ತಿತ್ತು. ಒಂಬತ್ತು ವರ್ಷದ ಮಗು ತನ್ನ ಜಡೆ ಹೆಣೆಯುತ್ತಿದ್ದ ಅಕ್ಕ ಒಂದು ಬೆಳಿಗ್ಗೆ ಇಲ್ಲವಾದಾಗ ಕಲಿಯುವ ಪಾಠವೆಂದರೆ, ಈ ಹೆಸರು ಬಾಯಿಂದ ಬಂದರೆ ಅಪ್ಪನಿಗೆ ಸಿಟ್ಟು ಬರುತ್ತದೆ, ಅಮ್ಮ ಅಳುತ್ತಾಳೆ ಎಂಬುದು. ಆ ವಯಸ್ಸಿನಲ್ಲಿ ಕಲಿತದ್ದು ದೇಹದಲ್ಲಿ ಉಳಿಯುತ್ತದೆ, ಯೋಚನೆಗೂ ಮುಂಚೆ ಕೆಲಸ ಮಾಡುತ್ತದೆ. ಅತ್ತೆ ಎದ್ದು ಅಡುಗೆಮನೆಗೆ ಹೋಗುವುದು ನಿಮ್ಮ ಮೇಲಿನ ಮುನಿಸಿನಿಂದಲ್ಲ, ಮಾವನವರ ತಾಯಿಯ ಮೇಲಿನ ಅಸಡ್ಡೆಯಿಂದಲೂ ಅಲ್ಲದಿರಬಹುದು. ನಲವತ್ತು ಐವತ್ತು ವರ್ಷ ತಮ್ಮ ಅತ್ತೆಯನ್ನೇ ಅದೇ ಹೆಸರಿನಿಂದ ಊರೆಲ್ಲ ಕರೆಯುವುದನ್ನು ಅವರು ಕೇಳಿಕೊಂಡು ಬದುಕಿದ್ದಾರೆ ಎಂಬುದನ್ನು ಮರೆಯಬೇಡಿ. ಅದನ್ನು ಸಹಿಸಿದವರು ಮಗುವಿನ ವಿಷಯ ಬಂದಾಗ ಮಾತ್ರ ಬೇಡ ಎನ್ನುತ್ತಿದ್ದಾರೆ. ಅಕ್ಕನ ಜೊತೆಗೆ ಅಕ್ಕನ ಮಗುವೂ ಅವರ ಮನಸ್ಸಿನಲ್ಲಿದೆಯೆಂದು ನನಗೆ ತೋರುತ್ತದೆ. ಆದರೆ ಇದು ದೂರದಿಂದ ಮಾಡಿದ ಊಹೆ. ನಿಜ ಏನೆಂದು ಹೇಳಬಲ್ಲವರು ಅವರೊಬ್ಬರೇ.

ಇಲ್ಲಿ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಮಗುವಿಗೆ ಹೆಸರಿಡುವ ಅಧಿಕಾರ ನಿಮ್ಮದು ಮತ್ತು ನಿಮ್ಮ ಗಂಡನದು. ಅಕ್ಕನ ಕತೆಯನ್ನು ಹೇಳುವ ಅಥವಾ ಹೇಳದಿರುವ ಅಧಿಕಾರ ಅತ್ತೆಯದು. ಇವೆರಡನ್ನೂ ಬೇರೆಬೇರೆಯಾಗಿ ಇಟ್ಟುಕೊಂಡರೆ ನಿಮ್ಮ ದಾರಿ ಬಹುಮಟ್ಟಿಗೆ ಸಲೀಸಾಗುತ್ತದೆ. ಅತ್ತೆ ಒಪ್ಪಲಿಲ್ಲವೆಂಬ ಒಂದೇ ಕಾರಣಕ್ಕೆ ಹೆಸರನ್ನು ಕೈಬಿಡಲೇಬೇಕೆಂದು ನಾನು ಹೇಳುವುದಿಲ್ಲ. ಆದರೆ ಚಿಕ್ಕಮ್ಮ ಹೇಳಿದ ಗುಟ್ಟನ್ನು ಊಟದ ಮೇಜಿನಲ್ಲಿ ಎಲ್ಲರೆದುರು ಬಿಚ್ಚಿ, ‘ಇದಕ್ಕೇ ತಾನೇ ನೀವು ಬೇಡ ಅನ್ನುವುದು’ ಎಂದು ಕೇಳಿದರೆ, ಆ ಮನೆಯಲ್ಲಿ ಮತ್ತೆ ನಂಬಿಕೆ ಹುಟ್ಟುವುದು ಕಷ್ಟ. ಅಮ್ಮನಿಗೆ ಹೇಳಿದ್ದು ಆಗಿಹೋಯಿತು. ಅದು ಅಲ್ಲಿಗೇ ನಿಲ್ಲಲಿ, ಹಾಸನದಿಂದ ಅತ್ತಿಗೆ ನಾದಿನಿಯರ ವಾಟ್ಸ್‌ಆ್ಯಪ್ ಗುಂಪಿಗೆ ಹೋಗದಿರಲಿ ಎಂದು ಇಂದೇ ಅವರಿಗೆ ಹೇಳಿ.

ಮೊದಲು ಮಾತನಾಡಬೇಕಾದದ್ದು ಚಿಕ್ಕಮ್ಮನ ಜೊತೆ. ಅವರು ಹೇಳಿದ್ದನ್ನು ನೀವು ಗಂಡನಿಗೆ ತಿಳಿಸಬಹುದೇ ಎಂದು ಕೇಳಿ. ಬೇಡವೆಂದರೆ, ಗಂಡನಿಗೆ ಇಷ್ಟು ಹೇಳಿದರೆ ಸಾಕು: ಅಮ್ಮನಿಗೆ ಈ ಹೆಸರಿನಿಂದ ಏನೋ ಹಳೆಯ ನೋವಿದ್ದಂತಿದೆ, ನೀವೊಬ್ಬರೇ ಹೋಗಿ ಕೇಳಿ. ಕೇಳಬೇಕಾದವರು ಮಗ, ಸೊಸೆಯಲ್ಲ. ಸೊಸೆ ಕೇಳಿದರೆ ಅದು ಹೆಸರಿನ ಚೌಕಾಶಿಯಂತೆ ಕೇಳಿಸುತ್ತದೆ. ಮಗ ಕೇಳಿದರೆ ತಾಯಿಯ ಬಗೆಗಿನ ಕಾಳಜಿಯಂತೆ ಕೇಳಿಸುವ ಸಾಧ್ಯತೆ ಹೆಚ್ಚು. ಎದುರುಬದುರು ಕೂತು ಕೇಳುವುದಕ್ಕಿಂತ ಕಾರಿನಲ್ಲಿ ಹೋಗುವಾಗಲೋ ತೋಟದಲ್ಲಿ ಕೆಲಸ ಮಾಡುವಾಗಲೋ ಕೇಳುವುದು ಮೇಲು; ಇಲ್ಲಿನ ಹಳ್ಳಿಗಳ ಆ ತಲೆಮಾರಿನವರು ಮುಖ ನೋಡದೆ ಮಾತನಾಡುವಾಗಲೇ ಹೆಚ್ಚು ಮಾತನಾಡುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ‘ಯಾಕೆ ಬೇಡ’ ಎಂಬ ಪ್ರಶ್ನೆ ಬೇಡ, ಅದಕ್ಕೆ ಸಮಜಾಯಿಷಿ ಕೊಡಬೇಕಾಗುತ್ತದೆ. ‘ನಿಮಗೆ ಗೊತ್ತಿದ್ದ ಬ್ರಿಜೆಟ್ ಯಾರಾದರೂ ಇದ್ದರೇ ಅಮ್ಮ’ ಎಂದು ಕೇಳಿ ಸುಮ್ಮನಿರಲಿ. ಉತ್ತರ ಬರದಿದ್ದರೆ ಒತ್ತಾಯಿಸದೆ, ಯಾವಾಗ ಹೇಳಬೇಕೆನ್ನಿಸಿದರೂ ಕೇಳಲು ತಾನಿದ್ದೇನೆ ಎಂದು ಹೇಳಿ ಮಾತು ಬದಲಿಸಲಿ. ಮಾತು ಹೊರಬಂದರೆ ಒಂದು ಸಣ್ಣ ಪ್ರಶ್ನೆಯನ್ನು ಮರೆಯದೆ ಕೇಳಬೇಕು: ಅವರನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದಿರಿ? ಬ್ರಿಜೆಟ್ ಎಂದು ದಾಖಲಾದ ಹುಡುಗಿ ಮನೆಯಲ್ಲಿ ಬ್ರೈಡಿಯೋ ಬಿಡ್ಡಿಯೋ ಡೀಲಿಯಾಳೋ ಬ್ರೀಡಾಳೋ ಆಗಿರಬಹುದು. ಅತ್ತೆಯನ್ನು ಚುಚ್ಚುವುದು ಇವುಗಳಲ್ಲಿ ಯಾವ ಕೂಗು ಎಂಬುದರ ಮೇಲೆ ನಿಮ್ಮ ಮುಂದಿನ ಆಯ್ಕೆ ನಿಂತಿದೆ.

ಅತ್ತೆ ಮಾತನಾಡಿ, ನೀವು ಬ್ರೀದ್ ಎಂದೇ ಇಟ್ಟರೆ ಏನಾಗಬಹುದು? ಒಳ್ಳೆಯದಾಗುವ ಸಾಧ್ಯತೆ ಸಣ್ಣದೇನಲ್ಲ. ಹೊಸ ಮಗುವಿನ ಮುಖ, ಅಳು, ನಗು ದಿನಕ್ಕೆ ನೂರು ಸಲ ಆ ಹೆಸರಿನ ಜೊತೆಗೆ ಬೆರೆಯುತ್ತಾ ಬಂದಂತೆ, ಹಳೆಯ ನೆನಪು ಹೋಗದಿದ್ದರೂ ಅದರ ಮೊನೆ ಮೊಂಡಾಗುವುದನ್ನು ಅನೇಕ ಕುಟುಂಬಗಳಲ್ಲಿ ನೋಡಿದ್ದೇನೆ. ಎಷ್ಟೋ ಅಜ್ಜಿಯರು ಆ ಮೇಲೆ ಅದನ್ನು ಅಕ್ಕನಿಗೆ ಸಂದ ಗೌರವವೆಂದೇ ತಿಳಿದಿದ್ದಾರೆ. ಅತ್ತೆ ಭಕ್ತರಾಗಿದ್ದರೆ, ಸಂತ ಬ್ರಿಜಿಡ್‌ಳ ಜೀವನಕಥೆಯನ್ನು ಅವರೇ ನಿಮಗೆ ನೆನಪಿಸಬಹುದು: ಕಿಲ್ಡೇರ್‌ನಲ್ಲಿ ಮಠ ಕಟ್ಟಿದ ಆಕೆಯ ತಂದೆ ದುಬ್‌ಹಾಕ್ ಎಂಬ ಪಾಳೆಯಗಾರ, ತಾಯಿ ಅವನ ಮನೆಯ ದಾಸಿ, ಬಸುರಿಯಾಗಿದ್ದ ಆ ದಾಸಿಯನ್ನು ಒಡತಿಯ ಹೊಟ್ಟೆಕಿಚ್ಚಿನಿಂದಾಗಿ ಮಾರಿಬಿಡಲಾಯಿತು ಎಂದು ಹಳೆಯ ಚರಿತೆಗಳು ಹೇಳುತ್ತವೆ. ಬಾಣಂತಿಯರ, ಹಸುಗೂಸುಗಳ ಕಾವಲುಗಾರ್ತಿಯೆಂದು ಜನ ನಂಬಿದ ಈ ಸಂತಳೇ ಮದುವೆಯ ಆಚೆ ಹುಟ್ಟಿದ ಮಗು. ಆಕೆಯ ಹೆಸರಿಟ್ಟುಕೊಂಡ ಹುಡುಗಿಯರನ್ನೇ ಅದೇ ಕಾರಣಕ್ಕೆ ಮನೆಯಿಂದ ಹೊರಗೆ ಹಾಕಿದರಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ. ಆದರೆ ಅಪಾಯವೂ ಇದೆ. ಆಘಾತ ಆಳದ್ದಾಗಿದ್ದರೆ ಹೆಸರು ಮೆತ್ತಗಾಗದೆ, ಮಗುವನ್ನು ಎತ್ತಿಕೊಳ್ಳಲೇ ಅಜ್ಜಿ ಹಿಂಜರಿಯಬಹುದು, ಅಥವಾ ಮಗುವನ್ನು ಎಂದೂ ಹೆಸರು ಹಿಡಿದು ಕರೆಯದಿರಬಹುದು. ‘ಹೆಸರಿಟ್ಟರೆ ಅವರ ದುಃಖ ಹೊರಬಂದು ವಾಸಿಯಾಗುತ್ತದೆ’ ಎಂಬ ಭರವಸೆಯಿಂದ ಮಾತ್ರ ಇಡಬೇಡಿ. ಹಿರಿಯರ ದುಃಖಕ್ಕೆ ಮದ್ದಾಗುವುದು ಎರಡು ತಿಂಗಳ ಕೂಸಿನ ಕೆಲಸವಲ್ಲ.

ಎರಡನೆಯ ದಾರಿ, ಆ ಹೆಸರನ್ನು ನಡುಹೆಸರಾಗಿ ಬರೆಸಿ ಕರೆಯಲು ಬೇರೆ ಹೆಸರಿಡುವುದು. ನಮ್ಮವರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. ನಕ್ಷತ್ರದ ಹೆಸರು, ಮಾಸದ ಹೆಸರು, ವ್ಯವಹಾರದ ಹೆಸರು ಎಂದು ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಬರೆದು, ಕೊನೆಗೆ ಪುಟ್ಟಿಯೆಂದೋ ಅಮ್ಮಣ್ಣಿಯೆಂದೋ ಕರೆದವರು ನಾವು. ತೀರಿಕೊಂಡ ಅತ್ತೆಯ ಹೆಸರನ್ನು ಮಗುವಿಗೆ ಇಟ್ಟು, ಅತ್ತೆಯ ಹೆಸರು ಹಿಡಿದು ಬೈಯಬಾರದೆಂದು ಅಡ್ಡಹೆಸರಿನಿಂದಲೇ ಸಾಕಿದ ಸೊಸೆಯರು ನಿಮ್ಮ ವಂಶದಲ್ಲೂ ಇದ್ದಿರಬೇಕು. ಐರ್ಲೆಂಡಿನಲ್ಲೂ ಅಜ್ಜಿಯ ಹೆಸರು ಎರಡನೆಯ ಹೆಸರಾಗಿ ಉಳಿಯುವುದು ತೀರಾ ಸಾಮಾನ್ಯ. ಕ್ಯಾಥೊಲಿಕ್ ಕ್ರಮದಲ್ಲಿ ಬೆಳೆಸುವುದಾದರೆ, ಸುಮಾರು ಹನ್ನೆರಡನೆಯ ವಯಸ್ಸಿನ ದೃಢೀಕರಣ ಸಂಸ್ಕಾರದಲ್ಲಿ ಮಗಳು ತಾನೇ ಒಂದು ಸಂತರ ಹೆಸರನ್ನು ಆರಿಸಿಕೊಳ್ಳುತ್ತಾಳೆ. ಆ ಹೊತ್ತಿಗೆ ಬ್ರಿಜೆಟ್‌ಳ ಕತೆ ಅವಳಿಗೂ ತಿಳಿದಿದ್ದರೆ ಆಯ್ಕೆ ಅವಳದೇ ಆಗುತ್ತದೆ. ಈ ದಾರಿಯಲ್ಲಿ ಎದುರಾಗಬಹುದಾದ ತೊಡಕೆಂದರೆ ಮಾವನವರಿಗೆ ಅದು ಸಮಾಧಾನದ ಬಹುಮಾನದಂತೆ ಕಾಣಬಹುದು. ಅದನ್ನು ಹೇಳುವ ಕೆಲಸವನ್ನೂ ಮಗನಿಗೇ ಬಿಡಿ, ಕಾರಣವಾಗಿ ಅತ್ತೆಯನ್ನು ತೋರಿಸಬೇಡಿ; ಇದು ನಮ್ಮಿಬ್ಬರ ನಿರ್ಧಾರ ಎಂದಷ್ಟೇ ಹೇಳಲಿ.

ಅದೇ ಹೆಸರಿನ ಬೇರೆ ರೂಪವನ್ನು ಇಡುವುದು ಮೂರನೆಯದು. ಮೇಯೋದ ಬ್ರೀಜ್ ದಕ್ಷಿಣದ ಮನ್‌ಸ್ಟರ್‌ನಲ್ಲಿ ಬ್ರೀಡಾ ಆಗುತ್ತಾಳೆ. ಡೀಲಿಯಾ ಎಂದರೆ ಅದು ಬ್ರಿಜೆಟ್‌ನಿಂದ ಬಂದದ್ದೆಂದು ಈಗಿನವರಿಗೆ ಹೊಳೆಯುವುದೂ ಇಲ್ಲ. ನಿಮ್ಮ ಅಮ್ಮನಿಗೂ ಡೀಲಿಯಾ ಫ್ರಿಜ್‌ಗಿಂತ ಸುಲಭವೆನ್ನಿಸೀತು. ಆದರೆ ಅಕ್ಕನನ್ನು ಮನೆಯಲ್ಲಿ ಡೀಲಿಯಾ ಎಂದೇ ಕರೆಯುತ್ತಿದ್ದರೆ ಪೆಟ್ಟು ಇನ್ನೂ ಜೋರಾಗಿ ಬೀಳುತ್ತದೆ, ಆದ್ದರಿಂದಲೇ ಆ ಪ್ರಶ್ನೆಯನ್ನು ಮೊದಲು ಕೇಳಿ ಎಂದದ್ದು. ಕೊನೆಯದಾಗಿ, ಹೆಸರನ್ನು ಪೂರ್ತಿ ಬಿಟ್ಟುಬಿಡಬಹುದು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಗಂಡನಿಗೆ ಕಾರಣ ತಿಳಿಯದೆ ಬಿಟ್ಟರೆ, ತನ್ನ ಅಜ್ಜಿಯನ್ನು ಅಮ್ಮ ಕಡೆಗಣಿಸಿದಳು ಎಂಬ ಕಹಿ ಅವರ ಮನಸ್ಸಿನಲ್ಲಿ ಉಳಿದೀತು. ಬಿಡುವುದಾದರೂ ಮೇಲೆ ಹೇಳಿದ ಮಾತುಕತೆಯ ನಂತರವೇ ಬಿಡಿ.

ಇವುಗಳಲ್ಲಿ ಯಾವುದೆಂದು ನನ್ನನ್ನೇ ಕೇಳಿದರೆ, ನೀವು ಬರೆದಷ್ಟರಿಂದ ನಡುಹೆಸರಿನ ಕಡೆಗೆ ನನ್ನ ಒಲವು. ಅತ್ತೆ ತಾವಾಗಿ ‘ಇಡಿ’ ಎಂದರೆ ಮೊದಲನೆಯದು. ನಿಮ್ಮ ಪತ್ರದಲ್ಲಿ ನಿಮ್ಮ ಇಷ್ಟಕ್ಕೆ ಒಂದು ವಾಕ್ಯವಷ್ಟೇ ಸಿಕ್ಕಿದೆ, ಉಳಿದದ್ದೆಲ್ಲ ಮಾವ, ಅತ್ತೆ, ಅಮ್ಮ, ಸಹೋದ್ಯೋಗಿಗಳದು. ಆ ವಾರ್ಡಿನ ಬ್ರೈಡಿಯ ಕತೆಯನ್ನು ನೀವು ಗಂಡನಿಗೆ ಹೇಳಿದ್ದೀರಾ? ಹೇಳಿ. ಈ ಹೆಸರಿನಲ್ಲಿ ನಿಮ್ಮದೂ ಒಂದು ಪಾಲಿದೆಯೆಂದು ಅವರಿಗೆ ತಿಳಿಯಲಿ. ಹಾಗೆಯೇ ನಿಮ್ಮ ಕಡೆಯ ಹೆಸರೊಂದು ಮಗುವಿಗೆ ಬೇಕೆನ್ನಿಸಿದರೆ ಅದನ್ನು ಮುಚ್ಚಿಡದೆ ಕೇಳಿ. ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಬ್ರಿಜಿತ್ ಬಾಯಿಯಂಥವರು ಇದ್ದಾರೆಂದು ಅಮ್ಮನಿಗೆ ಹೇಳಿದರೆ ಆ ಹೆಸರು ಅವರಿಗೆ ಅಷ್ಟೊಂದು ಪರಕೀಯವೆನ್ನಿಸಲಿಕ್ಕಿಲ್ಲ.

ಕಾಗದಪತ್ರದ ಬಗ್ಗೆ ಎರಡು ಮಾತು. ಬ್ರೀದ್ ಎಂದು ಐರಿಷ್ ಕ್ರಮದಲ್ಲಿ ಬರೆಸಿದರೆ ಸ್ವರದ ಮೇಲೆ ‘ಫಾದಾ’ ಎಂಬ ದೀರ್ಘದ ಗೆರೆ ಬರುತ್ತದೆ. ಪಾಸ್‌ಪೋರ್ಟಿನ ಯಂತ್ರ ಓದುವ ಸಾಲುಗಳಲ್ಲಿ, ವಿಮಾನದ ಟಿಕೆಟ್‌ಗಳಲ್ಲಿ ಆ ಗೆರೆ ಇರುವುದಿಲ್ಲ, ಅದರಿಂದ ಗಾಬರಿಯಾಗಬೇಕಿಲ್ಲ. ಮುಂದೆ ಮಗಳಿಗೆ ಓಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್) ಮಾಡಿಸುವಾಗ ಅಕ್ಷರಗಳು ಐರಿಷ್ ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ. ಹೆಸರುಗಳ ಕ್ರಮವೂ, ನಡುಹೆಸರೂ ಎಲ್ಲ ಕಡೆ ಒಂದೇ ಆಗಿರಬೇಕು. ಒಂದೊಂದು ಕಡೆ ಒಂದೊಂದು ಬಗೆಯಲ್ಲಿ ಬರೆಸಿ ಕಷ್ಟಪಟ್ಟ ತಂದೆತಾಯಿಯರು ಬೇಕಾದಷ್ಟಿದ್ದಾರೆ.

ಅತ್ತೆ ಬಾಯಿಬಿಟ್ಟರೆ, ಆ ಮಗು ಎಲ್ಲಿದೆ ಎಂಬ ಪ್ರಶ್ನೆ ಇಂದಲ್ಲ ನಾಳೆ ಬಂದೇ ಬರುತ್ತದೆ. 2022ರ ಜನನ ಮಾಹಿತಿ ಮತ್ತು ಪತ್ತೆ ಕಾಯಿದೆಯಂತೆ, ದತ್ತು ಹೋದವರಿಗೆ ತಮ್ಮ ಜನನ ಪ್ರಮಾಣಪತ್ರ ಮತ್ತು ಬಾಲ್ಯದ ದಾಖಲೆ ಪಡೆಯುವ ಹಕ್ಕು ಬಂದಿದೆ. ಐರ್ಲೆಂಡಿನ ದತ್ತು ಪ್ರಾಧಿಕಾರದ ಸಂಪರ್ಕ ನೋಂದಣಿಯಲ್ಲಿ ಬಂಧುಗಳೂ ತಮ್ಮ ಇಚ್ಛೆಯನ್ನು ದಾಖಲಿಸಬಹುದು. ಆ ಮಗು ಬದುಕಿದ್ದರೆ ಈಗ ಅರವತ್ತು ದಾಟಿದ ವ್ಯಕ್ತಿ, ಅಮೆರಿಕದಲ್ಲಿ ಇದ್ದರೂ ಇರಬಹುದು, ಆ ಕಡೆಯಿಂದಲೇ ಹುಡುಕಾಟ ನಡೆದಿದ್ದರೂ ಆಶ್ಚರ್ಯವಿಲ್ಲ. ಆದರೆ ಈ ಅರ್ಜಿಯನ್ನು ಅತ್ತೆಯೋ ಅವರ ತಂಗಿಯೋ ಹಾಕಬೇಕು, ಅದೂ ಅವರಿಗೆ ಬೇಕೆನ್ನಿಸಿದಾಗ. ನೀವಾಗಲಿ ನಿಮ್ಮ ಗಂಡನಾಗಲಿ ಕುತೂಹಲಕ್ಕೆಂದು ಡಿಎನ್‌ಎ ಪರೀಕ್ಷೆಯ ಕಿಟ್ ತರಿಸಿ ಉಗುಳು ಕಳುಹಿಸಬೇಡಿ. ಹತ್ತಿರದ ಬಂಧು ಸಿಕ್ಕಿದ್ದಾರೆಂಬ ಸಂದೇಶ ಗಂಡನ ಫೋನಿಗೆ ಬಂದ ಕ್ಷಣದಿಂದ, ಹೇಳುವುದೋ ಬೇಡವೋ ಎಂಬ ನಿರ್ಧಾರ ಅತ್ತೆಯ ಕೈಯಲ್ಲಿ ಉಳಿಯುವುದಿಲ್ಲ. ಚಿಕ್ಕಮ್ಮನಿಗೆ ಮಾತ್ರ ಈ ಕಾಯಿದೆಯ ವಿಷಯ ತಿಳಿಸಿಡಿ. ನಿಮಗೆ ಗುಟ್ಟು ಹೇಳಿದವರು ಅವರೇ ಆದ್ದರಿಂದ, ನಿಮ್ಮ ಅತ್ತೆಯ ಬಳಿ ಈ ಮಾತನ್ನು ಯಾವಾಗ ಎತ್ತಬೇಕೆಂದು ಅವರಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.